ಅಕಾಲದಲ್ಲಿ ಗರಿ ಉದುರಿಸುತ್ತಿದ್ದ ಕೋಳಿಗಳು: ಗೂಡಿನ ದೀಪ ಸರಿಪಡಿಸಿದ ಬಗೆ

ಹಗಲು ಉದ್ದವಾಗುತ್ತಿದ್ದ ದಿನಗಳಲ್ಲಿಯೇ ನನ್ನ ಹಿತ್ತಲಿನ ಆರು ಹೇಂಟೆಗಳು ಕುತ್ತಿಗೆಯಿಂದ ಬೆನ್ನಿನವರೆಗೆ ಗರಿ ಉದುರಿಸಿಕೊಂಡು ಮೊಟ್ಟೆಯಿಡುವುದನ್ನು ನಿಲ್ಲಿಸಿದವು. ಸಹಜವಾಗಿ ಇದು ಹಗಲು ಕುಗ್ಗುವ ಕಾಲದಲ್ಲಿ ಆಗಬೇಕಾದದ್ದು. ಹೇನಿನ ಪುಡಿ, ಜಂತುಹುಳುವಿನ ಔಷಧ, ಚಿಪ್ಪಿನ ಪುಡಿ ಯಾವುದರಿಂದಲೂ ಪ್ರಯೋಜನವಾಗಲಿಲ್ಲ. ಚರ್ಮದಲ್ಲಿ ಹೇನಿರಲಿಲ್ಲ, ಬೋಳಾದ ಜಾಗದಲ್ಲಿ ಹೊಸ ಗರಿಗಳ ಮೊಳಕೆ ಕಾಣುತ್ತಿತ್ತು. ಅದನ್ನು ಮೊದಲೇ ಗಮನಿಸಿದ್ದರೆ ಔಷಧದ ಅಗತ್ಯವೇ ಇರಲಿಲ್ಲ.

ಸಂಜೆ ಕೈಯಿಂದ ಹಾಕಿ ಆರಿಸುತ್ತಿದ್ದ ಗೂಡಿನ ದೀಪ ಕೆಟ್ಟು ಹತ್ತು ದಿನ ಉರಿಯದೆ, 16 ಗಂಟೆಗಳ ಬೆಳಕು ಒಮ್ಮೆಲೇ 12ಕ್ಕೆ ಇಳಿದದ್ದೇ ಇದಕ್ಕೆ ಕಾರಣವಾಗಿತ್ತು.

ಗರಿಯ ಬಹುಭಾಗ ಪ್ರೋಟೀನೇ ಆಗಿರುವುದರಿಂದ, ಮೈ ಪೂರ್ತಿ ಮುಚ್ಚುವವರೆಗೆ ಶೇ. 16ರ ಪ್ರೋಟೀನಿನ ಮೊಟ್ಟೆಕೋಳಿ ಆಹಾರದ ಬದಲು ಶೇ. 20ರದನ್ನು ಕೊಟ್ಟೆ, ಆ ಅವಧಿಯಲ್ಲಿ ದೀಪ ಹಾಕಲಿಲ್ಲ, ಮೊಳಕೆಗರಿ ನೋಯುವುದರಿಂದ ಕೋಳಿಗಳನ್ನು ಎತ್ತಿಕೊಳ್ಳಲೂ ಇಲ್ಲ. ಆಮೇಲೆ ದೀಪಕ್ಕೆ ಟೈಮರ್ ಜೋಡಿಸಿ, ಸೂರ್ಯೋದಯಕ್ಕೆ ಅರ್ಧ ಗಂಟೆ ಮೊದಲು ಹೊತ್ತುವಂತೆಯೂ ಬೆಳಕು ಹರಿದ ಮೇಲೆ ಆರುವಂತೆಯೂ ಇಟ್ಟು, ವಾರಕ್ಕೆ ಅರ್ಧ ಗಂಟೆಯಂತೆ ಹಿಂದಕ್ಕೆ ಸರಿಸುತ್ತಾ ಒಟ್ಟು ಬೆಳಕನ್ನು 16 ಗಂಟೆಗೆ ತಂದೆ. ಸಂಜೆ ದೀಪ ಒಮ್ಮೆಲೇ ಆರಿದರೆ ಕೋಳಿಗಳು ಅಟ್ಟಣೆ ಹತ್ತಲಾಗದೆ ಕತ್ತಲಲ್ಲಿ ಉಳಿಯುತ್ತವೆ, ಆದ್ದರಿಂದ ಬೆಳಗಿನ ಹೊತ್ತೇ ಸರಿ. ವಿದ್ಯುತ್ ಹೋಗಿ ಬಂದಾಗಲೆಲ್ಲ ಟೈಮರಿನ ಗಡಿಯಾರವನ್ನು ಸರಿಪಡಿಸಬೇಕು.