ಗಾಡಿ ಓಡಿಸುವಾಗ ಫೋನ್ ಮುಟ್ಟೋದು ಬಿಟ್ಟಿದ್ದು – ನನ್ನ ಅನುಭವ

ಕೋಲಾರ ಮಾರ್ಕೆಟ್‌ನಿಂದ ಬೆಂಗಳೂರು ಕಲಾಸಿಪಾಳ್ಯಕ್ಕೆ ಟೊಮೆಟೊ ಲೋಡ್ ಹೊಡಿತೀನಿ, ಪಿಕಪ್ ಗಾಡಿ, ಹದಿನಾಲ್ಕು ವರ್ಷ ಆಯ್ತು. ನಮ್ ಕೆಲಸದಲ್ಲಿ ಫೋನ್ ಸುಮ್ನಿರೋದೇ ಇಲ್ಲ, ಮಂಡಿಯೋರು ಮಾಡ್ತಾರೆ, ರೈತರು ಮಾಡ್ತಾರೆ, ಮಾಲು ತಗೊಳೋರಂತೂ ಹತ್ತು ಸಲ "ಎಲ್ಲಿದ್ದೀಯಪ್ಪಾ, ಎಲ್ಲಿಗೆ ಬಂದೆ" ಅಂತ ಕೇಳ್ತಾನೇ ಇರ್ತಾರೆ. ಒಂದ್ ಕೈಲಿ ಸ್ಟೇರಿಂಗು ಒಂದ್ ಕೈಲಿ ಫೋನು, ಹಂಗೇ ಅಭ್ಯಾಸ ಆಗ್ಬಿಟ್ಟಿತ್ತು.

ಎರಡು ವರ್ಷದ ಹಿಂದೆ, ಬೆಳಗಿನ ಜಾವ, ನರಸಾಪುರ ದಾಟಿದ್ದೆ ಅಷ್ಟೇ. ವಾಟ್ಸಾಪ್‌ನಲ್ಲಿ ಅವತ್ತಿನ ರೇಟ್ ಬಂತು ಅಂತ ಕಣ್ಣಾಡಿಸಿ ತಲೆ ಎತ್ತಿದ್ರೆ ಮುಂದೆ ಟ್ರ್ಯಾಕ್ಟರು, ಟ್ರೈಲರ್ ಹಿಂದೆ ಲೈಟೇ ಇಲ್ಲ, ಮೇಲೆ ಕೂಲಿಗೆ ಹೋಗೋ ಹೆಂಗಸರು ನನ್ನ ಕಡೆನೇ ಮುಖ ಮಾಡ್ಕೊಂಡು ಕೂತಿದ್ರು. ಬ್ರೇಕ್ ತುಳಿದ ರಭಸಕ್ಕೆ 80 ಬಾಕ್ಸೂ ಜಾರಿ ಕ್ಯಾಬಿನ್‌ಗೆ ಬಡೀತು. ಒಂದು ಮಾರು ದೂರ ಉಳಿದಿತ್ತು, ಅಷ್ಟೇ. ಆಮೇಲೆ ಲೆಕ್ಕ ಹಾಕ್ದೆ, 60ರ ಸ್ಪೀಡಲ್ಲಿ ಮೂರು ಸೆಕೆಂಡು ಅಂದ್ರೆ 50 ಮೀಟರ್, ಅಷ್ಟು ದೂರ ನಾನು ಕಣ್ಣು ಮುಚ್ಕೊಂಡು ಓಡ್ಸಿದ್ದೆ. ಆ ಹೆಂಗಸರ ಮುಖ ಇವತ್ತಿಗೂ ಕಣ್ಮುಂದೆ ಬರುತ್ತೆ.

ಕಾನೂನು ಗೊತ್ತಿರ್ಲಿಲ್ಲ ಅಂತಲ್ಲ. 2019ರ ಸೆಪ್ಟೆಂಬರ್‌ನಿಂದ ಮೋಟಾರು ವಾಹನ ಕಾಯ್ದೆಯ 184ನೇ ಸೆಕ್ಷನ್‌ನಲ್ಲಿ ಫೋನ್ ಕೈಲಿ ಹಿಡಿದು ಓಡ್ಸೋದನ್ನ ಅಪಾಯಕಾರಿ ಚಾಲನೆ ಅಂತಾನೇ ಸೇರಿಸಿದ್ದಾರೆ, ದಂಡದ ಜೊತೆ ಜೈಲಿಗೂ ಹಾಕ್ಬೋದು. 2020ರ ಅಕ್ಟೋಬರ್‌ನಿಂದ ದಾರಿ ನೋಡೋಕೆ ಮಾತ್ರ ಬಳಸ್ಬೋದು, ಅದೂ ಗಮನ ತಪ್ಪದ ಹಂಗೆ. ನಾನೂ ಒಂದ್ಸಲ ದಂಡ ಕಟ್ಟಿದ್ದೆ, ಕಟ್ಟಿ ಮಾರನೇ ದಿನ ಮತ್ತೆ ಫೋನ್ ಎತ್ತಿದ್ದೆ. ದಂಡ ಇರ್ಲೇಬೇಕು, ಆದ್ರೆ ಫೋನ್ ಕೈಗೆ ಸಿಗೋ ಜಾಗದಲ್ಲಿದ್ರೆ ಕೈ ಹೋಗೇ ಹೋಗುತ್ತೆ.

ಮೊದಲು ಬ್ಲೂಟೂತ್ ಹಾಕ್ಕೊಂಡೆ. ಕೈ ಖಾಲಿ ಆಯ್ತು, ತಲೆ ಆಗ್ಲಿಲ್ಲ. ಬಾಕಿ ದುಡ್ಡಿನ ವಿಷಯಕ್ಕೆ ಒಬ್ರ ಜೊತೆ ಜಗಳ ಆಡ್ತಾ ಆಡ್ತಾ ಹೊಸಕೋಟೆ ಟೋಲ್ ಯಾವಾಗ ದಾಟಿದೆ ಅನ್ನೋದೇ ನೆನಪಿಲ್ಲ ನಂಗೆ, ಅದನ್ನೂ ಬಿಟ್ಟೆ. ಈಗ ಗಾಡಿ ಸ್ಟಾರ್ಟ್ ಮಾಡೋಕೆ ಮುಂಚೆ ಫೋನ್ ಸೈಲೆಂಟ್ ಮಾಡಿ, ವೈಬ್ರೇಶನ್ನೂ ತೆಗೆದು, ಸೀಟ್ ಹಿಂದಿನ ಬ್ಯಾಗಿಗೆ ಹಾಕಿ ಜಿಪ್ ಎಳಿತೀನಿ. ಮೊದಲ ವಾರ ಕೈ ತಾನಾಗೇ ಡ್ಯಾಶ್‌ಬೋರ್ಡ್ ತಡಕಾಡ್ತಿತ್ತು. ಸಿಗ್ನಲ್‌ನಲ್ಲೂ ತೆಗೆಯಲ್ಲ, ಅಲ್ಲಿ ಶುರುವಾದ ಮೆಸೇಜು ಹಸಿರು ಬಂದ್ಮೇಲೂ ಮುಗಿಯಲ್ಲ.

ಎಲ್ರಿಗೂ ಮೊದ್ಲೇ ಹೇಳ್ದೆ, ನರಸಾಪುರ, ಹೊಸಕೋಟೆ, ಕೆ.ಆರ್. ಪುರ, ಮೂರು ಕಡೆ ಸೈಡಿಗೆ ನಿಲ್ಲಿಸಿ ನಾನೇ ಫೋನ್ ಮಾಡ್ತೀನಿ ಅಂತ. ಒಂದ್ ಪಾರ್ಟಿ ಬೇಜಾರಾಗಿ ಬೇರೆ ಗಾಡಿ ನೋಡ್ಕೊಂಡ್ರು, ನಷ್ಟ ಆಯ್ತು ನಿಜ. ಉಳಿದೋರು ತಿಂಗಳೊಳಗೆ ಹೊಂದ್ಕೊಂಡ್ರು. ನನ್ ಹೆಂಡ್ತಿ ಮಾತ್ರ "ರೀ, ಮನೇಲಿ ಏನಾದ್ರೂ ಆದ್ರೆ?" ಅಂತ ಕೇಳಿದ್ಲು. ಮೂರು ಸ್ಟಾಪಲ್ಲೂ ಮೊದಲ ಕಾಲ್ ಅವಳಿಗೇ ಅಂತ ಮಾತು ಕೊಟ್ಟೆ, ಇವತ್ತಿನವರೆಗೂ ತಪ್ಪಿಸಿಲ್ಲ.

ಮಗ ಬೈಕಲ್ಲಿ ಹೆಲ್ಮೆಟ್ ಒಳಗೆ ಫೋನ್ ಸಿಕ್ಕಿಸ್ಕೊಂಡು ಮಾತಾಡ್ತಾನೆ. ಹೋದ ಭಾನುವಾರ ಅವನನ್ನ ಗಾಡೀಲಿ ಕೂರಿಸ್ಕೊಂಡು ನರಸಾಪುರದ ಆ ಜಾಗ ತೋರ್ಸಿದೆ. ಏನೂ ಮಾತಾಡ್ಲಿಲ್ಲ. ವಾಪಸ್ ಬರುವಾಗ ಅವನ ಫೋನೂ ನನ್ ಬ್ಯಾಗಲ್ಲೇ ಇತ್ತು.