ಒಳಾಂಗಣ ವಾಲಿಬಾಲ್ ಚಿತ್ರ: ಕೂರುವ ಜಾಗ, ದೀಪದ ಮಿಣುಕು, ಬೆರಳಿನ ಲೆಕ್ಕ

ಒಳಾಂಗಣ ವಾಲಿಬಾಲ್‌ನಲ್ಲಿ ಅರ್ಧ ಚಿತ್ರಗಳು ಕೆಡುವುದು ಆಟ ಶುರುವಾಗುವ ಮೊದಲೇ, ಕೂರುವ ಜಾಗದಲ್ಲಿ. ಕ್ಯಾಮೆರಾ, ಲೆನ್ಸ್ ಮಾತು ಆಮೇಲೆ.

ನೆಟ್‌ನ ಒಂದು ತುದಿಯಲ್ಲಿ ಮೊದಲ ರೆಫರಿಯ ಎತ್ತರದ ಸ್ಟ್ಯಾಂಡ್ ಇರುತ್ತದೆ. ಎದುರು ತುದಿಯಲ್ಲಿ ಎರಡನೇ ರೆಫರಿ, ಅವರ ಹಿಂದೆ ಸ್ಕೋರರ್ ಟೇಬಲ್, ಟೇಬಲ್‌ನ ಎರಡೂ ಕಡೆ ತಂಡಗಳ ಬೆಂಚು. ಬೆಂಚಿನ ಕಡೆ ಕೋಚ್‌ಗಳು ಓಡಾಡುತ್ತಲೇ ಇರುವುದರಿಂದ ನಾನು ಅತ್ತ ಹೋಗುವುದಿಲ್ಲ. ರೆಫರಿ ಸ್ಟ್ಯಾಂಡ್ ಇರುವ ಬದಿಯಲ್ಲಿ, ಫ್ರೀ ಜೋನ್‌ನ (ಅಂಕಣದ ಸುತ್ತಲಿನ ಖಾಲಿ ಜಾಗ) ಆಚೆ, ಅಟ್ಯಾಕ್ ಲೈನ್‌ನ (ನೆಟ್‌ನಿಂದ 3 ಮೀಟರ್ ದೂರದ ಗೆರೆ) ನೇರಕ್ಕೆ ನೆಲದ ಮೇಲೆ ಕೂರುತ್ತೇನೆ. ನೆಟ್‌ಗೆ ಸರಿಯಾಗಿ ಕೂತರೆ ಸ್ಟ್ಯಾಂಡೂ ಕಂಬವೂ ಅಡ್ಡ. ಆ ಬದಿಯಲ್ಲಿ ಕೂರಬಹುದೇ ಎಂದು ಸಂಘಟಕರನ್ನೂ ರೆಫರಿಯನ್ನೂ ಮೊದಲೇ ಕೇಳಿಕೊಳ್ಳಬೇಕು.

ಸ್ಟ್ಯಾಂಡ್‌ನ ಎಡಕ್ಕೋ ಬಲಕ್ಕೋ ಎಂಬುದು ಯಾರ ಮುಖ ಬೇಕು ಎಂಬುದರ ಮೇಲಿದೆ. ಸೆಟ್ಟರ್ (ಹೊಡೆಯುವವನಿಗೆ ಚೆಂಡು ಎತ್ತಿಕೊಡುವವನು) ಎತ್ತರಕ್ಕೆ ಕೊಡುವ ಚೆಂಡುಗಳು ಹೆಚ್ಚಾಗಿ ಹೋಗುವುದು ನಾಲ್ಕನೇ ಸ್ಥಾನಕ್ಕೆ, ಅಂದರೆ ನೆಟ್‌ಗೆ ಮುಖ ಮಾಡಿ ನಿಂತ ತಂಡದ ಮುಂದಿನ ಸಾಲಿನ ಎಡತುದಿಗೆ. ಬಲಗೈ ಆಟಗಾರ ಅಲ್ಲಿಂದ ಸ್ಮ್ಯಾಷ್ ಮಾಡುವಾಗ ಅವನ ಎದೆ, ಮುಖ ಅಂಕಣದ ಒಳಗೆ ತೆರೆದುಕೊಳ್ಳುತ್ತವೆ. ಹಾಗಾಗಿ ನಮ್ಮ ಎಡಗಡೆಯ ತಂಡದ ನಾಲ್ಕನೇ ಸ್ಥಾನದವನು ನಮ್ಮಿಂದ ದೂರದ ತುದಿಯಲ್ಲಿದ್ದರೂ ಮುಖ ನಮ್ಮ ಕಡೆ. ಬಲಗಡೆಯ ತಂಡದವನು ಹತ್ತಿರವೇ ಇದ್ದರೂ ಸಿಗುವುದು ಬೆನ್ನು. ಸೆಟ್ಟರ್ ವಿಷಯದಲ್ಲಿ ಇದು ತಲೆಕೆಳಗು: ಆತ ಸಾಮಾನ್ಯವಾಗಿ ನಾಲ್ಕನೇ ಸ್ಥಾನದ ಕಡೆ ತಿರುಗಿ ನಿಲ್ಲುವುದರಿಂದ ಬಲಗಡೆಯ ತಂಡದ ಸೆಟ್ಟರ್‌ನ ಮುಖ, ಬೆರಳು ಎರಡೂ ಕಾಣುತ್ತವೆ. ಸ್ಮ್ಯಾಷ್ ಬೇಕಾದಾಗ ಸ್ಟ್ಯಾಂಡ್‌ನ ಎಡಕ್ಕೆ, ಸೆಟ್ಟರ್ ಬೇಕಾದಾಗ ಬಲಕ್ಕೆ. ಅದೇ ಬದಿಯಲ್ಲಿ ಕೂತರೆ ನೆಟ್‌ನ ಜಾಲರಿಯೂ ಮುಖದ ಮೇಲೆ ಬರುವುದಿಲ್ಲ. ಪ್ರತಿ ಸೆಟ್ ಮುಗಿದ ಮೇಲೆ ತಂಡಗಳು ಬದಿ ಬದಲಿಸುತ್ತವೆ, ಐದನೇ ಸೆಟ್‌ನಲ್ಲಿ 8 ಅಂಕಕ್ಕೆ ಮತ್ತೆ. ಎರಡೂ ತಂಡಗಳ ಸರದಿ ಬಂದೇ ಬರುತ್ತದೆ.

ಇಲ್ಲಿಂದ ದೂರದ ಆಟಗಾರನಿಗೆ ಸುಮಾರು 12 ಮೀಟರ್. ಹಾರಿದವನ ಕಾಲಿನಿಂದ ಚೆಂಡಿನವರೆಗೆ ಹಿಡಿಯಲು ಫ್ರೇಮ್‌ನಲ್ಲಿ 3 ಮೀಟರ್‌ನಷ್ಟು ಎತ್ತರ ಬೇಕು. ಫುಲ್ ಫ್ರೇಮ್ (ದೊಡ್ಡ ಸೆನ್ಸರ್) ಕ್ಯಾಮೆರಾವನ್ನು ಉದ್ದಕ್ಕೆ ಹಿಡಿದರೆ ಅದಕ್ಕೆ 135 ಎಂಎಂ ಲೆನ್ಸ್. ಅದಕ್ಕಿಂತ ಚಿಕ್ಕದಾದ ಕ್ರಾಪ್ ಸೆನ್ಸರ್‌ನಲ್ಲಿ 85 ಎಂಎಂ. ಅದಕ್ಕೇ ದುಬಾರಿ 70-200 ಎಂಎಂ ಜೂಮ್ ಇಲ್ಲವೆಂದು ಕೊರಗಬೇಕಿಲ್ಲ. ಕ್ರಾಪ್ ಬಾಡಿಗೆ ಹೆಚ್ಚು ಬೆಳಕು ಒಳಬಿಡುವ 85 ಎಂಎಂ ಎಫ್ 1.8 ಲೆನ್ಸ್ ಹಾಕಿದರೆ ಜಿಲ್ಲಾ ಕ್ರೀಡಾಂಗಣದ ಮಂದ ಬೆಳಕಿನಲ್ಲಿ ಅದೇ ಹೆಚ್ಚು ಅನುಕೂಲ. ಎಫ್ 2ರಲ್ಲಿ ಆ ದೂರಕ್ಕೆ ಒಂದೂವರೆ ಮೀಟರ್‌ನಷ್ಟು ಆಳ ಸ್ಪಷ್ಟವಾಗಿರುತ್ತದೆ, ಒಬ್ಬ ಆಟಗಾರನಿಗೆ ಸಾಕು.

ಶಟರ್ 1/1000 ಸೆಕೆಂಡ್. ಗಂಟೆಗೆ 90 ಕಿ.ಮೀ. ವೇಗದ ಚೆಂಡು ಅಷ್ಟರಲ್ಲಿ ಎರಡೂವರೆ ಸೆಂಟಿಮೀಟರ್ ಸರಿಯುತ್ತದೆ. 21 ಸೆಂಟಿಮೀಟರ್ ವ್ಯಾಸದ ಚೆಂಡಿಗೆ ಅಷ್ಟು ಮಸುಕು ಪರವಾಗಿಲ್ಲ. 1/500ಕ್ಕೆ ಇಳಿದರೆ ಐದು ಸೆಂಟಿಮೀಟರ್ ಆಗಿ ಹೊಡೆಯುವ ಅಂಗೈಯೂ ಕರಗುತ್ತದೆ. ಸೆಟ್ಟರ್‌ಗೆ, ಸರ್ವ್‌ಗೆ ಸಿದ್ಧನಾಗುವವನಿಗೆ 1/500 ಧಾರಾಳ. ಐಎಸ್‌ಒ (ಬೆಳಕಿಗೆ ಸೆನ್ಸರ್ ತೋರುವ ಸಂವೇದನೆ) 3200ರಿಂದ 6400ಕ್ಕೆ ಹೋಗುತ್ತದೆ, ಹೋಗಲಿ. ಕಾಳುಕಾಳಾದ ಚಿತ್ರವನ್ನು ಆಮೇಲೆ ಸರಿಪಡಿಸಬಹುದು, ಅಲುಗಿದ್ದನ್ನು ಆಗುವುದಿಲ್ಲ. 2023ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕೋರಮಂಗಲದಲ್ಲಿ ನಡೆದ ಪುರುಷರ ಕ್ಲಬ್ ವಿಶ್ವ ಚಾಂಪಿಯನ್‌ಷಿಪ್‌ನಂತಹ, ಟಿವಿಗಾಗಿ ಬೆಳಗಿಸಿದ ಪಂದ್ಯಗಳಲ್ಲಿ ಈ ತಾಪತ್ರಯ ಕಡಿಮೆ. ಆಟಗಾರರ ಕಣ್ಣಿಗೆ ಹೊಡೆಯುವುದರಿಂದ ಫ್ಲಾಶ್ ಮಾತೇ ಬೇಡ.

ನಿಜವಾದ ತಲೆನೋವು ದೀಪದ ಮಿಣುಕು. ನಮ್ಮ ವಿದ್ಯುತ್ 50 ಹರ್ಟ್ಜ್. ಹಳೆಯ ಮೆಟಲ್ ಹಾಲೈಡ್, ಟ್ಯೂಬ್‌ಲೈಟ್‌ಗಳು ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆಯಾಗುತ್ತವೆ. ಕಣ್ಣಿಗೆ ಗೊತ್ತಾಗದು. 1/1000ರಲ್ಲಿ ತೆಗೆದ ಚಿತ್ರ ಆ ಏರಿಳಿತದ ಹತ್ತನೇ ಒಂದು ಪಾಲನ್ನಷ್ಟೇ ಹಿಡಿಯುವುದರಿಂದ ಒಂದು ಫ್ರೇಮ್ ಬೆಳ್ಳಗೆ, ಮುಂದಿನದು ಕಂದು, ಇನ್ನೊಂದರಲ್ಲಿ ಮೇಲರ್ಧ ಒಂದು ಬಣ್ಣ, ಕೆಳಗರ್ಧ ಇನ್ನೊಂದು. ಇದಕ್ಕೆ ವೈಟ್ ಬ್ಯಾಲೆನ್ಸ್ ತಿರುಗಿಸಿ ಪ್ರಯೋಜನವಿಲ್ಲ. ವಾರ್ಮ್ ಅಪ್ ಹೊತ್ತಿನಲ್ಲಿ ಒಂದೇ ಜಾಗಕ್ಕೆ 1/1000ರಲ್ಲಿ ಹದಿನೈದು ಫ್ರೇಮ್ ಒಂದೇ ಸಮನೆ ಹೊಡೆದು ತಿರುವಿ ನೋಡುತ್ತೇನೆ. ವ್ಯತ್ಯಾಸವಿದ್ದರೆ ಕ್ಯಾಮೆರಾದ ಆಂಟಿ ಫ್ಲಿಕರ್ (ಮಿಣುಕು ತಡೆ) ಆನ್. ಬೆಳಕು ಗರಿಷ್ಠವಿರುವ ಕ್ಷಣಕ್ಕೆ ಕ್ಯಾಮೆರಾ ಕಾಯುವುದರಿಂದ ಬರ್ಸ್ಟ್ (ಒಂದೇ ಸಮನೆ ಹೊಡೆಯುವ) ವೇಗ ಸ್ವಲ್ಪ ಇಳಿಯುತ್ತದೆ. ಕೆಲವು ಎಲ್‌ಇಡಿಗಳು ಇದಕ್ಕಿಂತ ಎಷ್ಟೋ ವೇಗವಾಗಿ ಮಿಣುಕುತ್ತವೆ, ಅಲ್ಲಿ ಈ ಸೌಲಭ್ಯ ಕೆಲಸಕ್ಕೆ ಬಾರದು. ಅಂಥ ಕಡೆ ನೆರವಾಗುವ, ಶಟರ್ ವೇಗವನ್ನು ಸೂಕ್ಷ್ಮವಾಗಿ ಹೊಂದಿಸುವ ಆಯ್ಕೆ ಹೊಸ ಕೆಲವು ಮಿರರ್‌ಲೆಸ್‌ಗಳಲ್ಲಿದೆ. ಎಲೆಕ್ಟ್ರಾನಿಕ್ ಶಟರ್ ಮಾತ್ರ ಬೇಡ. ಬಹುಪಾಲು ಕ್ಯಾಮೆರಾಗಳಲ್ಲಿ ಅದು ಸಾಲುಸಾಲಾಗಿ ಓದುವುದರಿಂದ ಅಡ್ಡಪಟ್ಟಿ ಬೀಳುತ್ತದೆ, ಚೆಂಡು ಮೊಟ್ಟೆಯಾಗುತ್ತದೆ.

ಎಕ್ಸ್‌ಪೋಷರ್ ಮ್ಯಾನುವಲ್. ಆಟೋ ಆದರೆ ಹಿಂದಿನ ಕತ್ತಲ ಗ್ಯಾಲರಿ ಬಂದಾಗ ಮುಖ ತೀರಾ ಬೆಳ್ಳಗಾಗುತ್ತದೆ, ಜಾಹೀರಾತಿನ ಎಲ್‌ಇಡಿ ಬೋರ್ಡ್ ಬಂದಾಗ ಮುಖ ಕಪ್ಪಾಗುತ್ತದೆ. ನೆಟ್ ಹತ್ತಿರ, ಅಂಕಣದ ನಡುವೆ, ಹಿಂದಿನ ಗೆರೆಯಲ್ಲಿ ಒಂದೊಂದು ಚಿತ್ರ ತೆಗೆದು ಆಟಗಾರನ ಮುಖಕ್ಕೆ ಹೊಂದಿಸಿಕೊಂಡರೆ ಆಯಿತು. ಫೈಲ್ ರಾ (ಸಂಸ್ಕರಿಸದ ಮೂಲ ರೂಪ) ಇರಲಿ.

ಫೋಕಸ್ ನಿರಂತರ ಮೋಡ್‌ನಲ್ಲಿ, ಹೆಬ್ಬೆರಳಿನ ಬಟನ್‌ಗೆ ಕೊಟ್ಟು. ಇಡೀ ಫ್ರೇಮ್ ಬಿಟ್ಟುಕೊಟ್ಟರೆ ಕ್ಯಾಮೆರಾ ನೆಟ್‌ನ ಬಿಳಿ ಪಟ್ಟಿಯನ್ನೋ ಎದುರು ತಡೆಯಲು ಹಾರಿದ ಬ್ಲಾಕರ್‌ನ ಕಣ್ಣನ್ನೋ ಹಿಡಿಯುತ್ತದೆ, ಆದ್ದರಿಂದ ಚಿಕ್ಕ ಫೋಕಸ್ ಝೋನ್.

ಚೆಂಡಿನ ಹಿಂದೆ ಲೆನ್ಸ್ ತಿರುಗಿಸುವವರಿಗೆ ಚೆಂಡು ಸಿಗುವುದಿಲ್ಲ. ರಿಸೀವ್ ಆದ ಕ್ಷಣ ನಾನು ಎಡಗಣ್ಣಿನಲ್ಲಿ ಸೆಟ್ಟರ್‌ನ ಕೈ ನೋಡುತ್ತೇನೆ, ಕ್ಯಾಮೆರಾ ಆಗಲೇ ಹೊಡೆಯುವವನ ಮೇಲಿರುತ್ತದೆ. ಸೆಟ್ಟರ್ ಹಿಂದಿನ ಸಾಲಿನಲ್ಲಿದ್ದರೆ ಮುಂದೆ ಮೂವರು ಹೊಡೆಯುವವರು, ಮುಂದಿನ ಸಾಲಿನಲ್ಲಿದ್ದರೆ ಇಬ್ಬರೇ. ಆಗ ಊಹೆ ಸುಲಭ. ಸೆಟ್ಟರ್‌ನ ಕೈಯಿಂದ ಚೆಂಡು ಮೇಲೆದ್ದಾಗ ಫೋಕಸ್, ಹಾರಿದವನ ಮೊಣಕೈ ಹಿಂದಕ್ಕೆ ಪೂರ್ತಿ ಹೋದಾಗ ಶಟರ್ ಬಟನ್. ಸೆಕೆಂಡಿಗೆ 10 ಫ್ರೇಮ್ ಇದ್ದರೂ ಎರಡು ಫ್ರೇಮ್‌ಗಳ ನಡುವೆ ಗಂಟೆಗೆ 90 ಕಿ.ಮೀ. ವೇಗದ ಅದೇ ಚೆಂಡು ಎರಡೂವರೆ ಮೀಟರ್ ಹೋಗಿಬಿಟ್ಟಿರುತ್ತದೆ. ಬರ್ಸ್ಟ್ ನಂಬಿ ಕೂತರೆ ಕೈ ಒಂದರಲ್ಲಿ, ಚೆಂಡು ಯಾವುದರಲ್ಲೂ ಇಲ್ಲ. ಮೊದಲ ಫ್ರೇಮೇ ಸರಿಯಾದ ಕ್ಷಣಕ್ಕೆ ಬೀಳಬೇಕು, ಉಳಿದವು ಬೋನಸ್.

ಲಿಬೆರೊ (ಹಿಂದಿನ ಸಾಲಿನ ರಕ್ಷಣಾ ಆಟಗಾರ) ಡೈವ್ ಹೊಡೆಯುವುದನ್ನು ಹಿಡಿಯಲು ಲೆನ್ಸ್ ನೆಲದಿಂದ ಒಂದಡಿಯಷ್ಟೇ ಮೇಲಿರಬೇಕು. ನಿಂತು ತೆಗೆದರೆ ತಲೆಯ ಕೂದಲು, ಬೆನ್ನು, ನೆಲದ ಗೆರೆ. ಬ್ಲಾಕ್‌ಗೆ ಗ್ಯಾಲರಿಯೇ ಒಳ್ಳೆಯದು. ಅಂಕಣದ ಹಿಂದಿನ ಗೆರೆಯ ನೇರಕ್ಕೆ ಮೇಲಿನ ಸಾಲಿನಲ್ಲಿ ನಿಂತರೆ ನೆಟ್ ಮೇಲೆ ಎದ್ದ ಆರು ಕೈ, ಅದರ ಹಿಂದಿನ ಮುಖಗಳು ಒಟ್ಟಿಗೆ ಸಿಗುತ್ತವೆ, ಹಿನ್ನೆಲೆಗೆ ಖಾಲಿ ನೆಲ. ಅದಕ್ಕೆ ಮಾತ್ರ 200 ಎಂಎಂ ಬೇಕು.

ಅಂಕ ಬಿದ್ದಾಕ್ಷಣ ಕ್ಯಾಮೆರಾ ಇಳಿಸಿ ಸ್ಕ್ರೀನ್ ನೋಡಬಾರದು. ಪತ್ರಿಕೆಯವರು ಕೇಳುವುದು ಹೆಚ್ಚಾಗಿ ಆಮೇಲಿನ ಕೂಗಾಟದ ಚಿತ್ರವನ್ನೇ. ಪ್ರತಿ ಸೆಟ್ ಮುಗಿದಾಗ ಸ್ಕೋರ್ ಬೋರ್ಡ್‌ನದೊಂದು, ಎರಡೂ ತಂಡಗಳು ಸಾಲಾಗಿ ನಿಂತಾಗ ಜೆರ್ಸಿ ನಂಬರ್ ಕಾಣುವ ಹಾಗೆ ಒಂದೊಂದು ತೆಗೆದಿಟ್ಟುಕೊಂಡರೆ ರಾತ್ರಿ ಶೀರ್ಷಿಕೆ ಬರೆಯುವಾಗ ಯಾರಿಗೂ ಫೋನ್ ಮಾಡಬೇಕಾಗುವುದಿಲ್ಲ.