ರಸೀದಿಯ 144 ರೂಪಾಯಿ ಹಿಡಿದು ಮೂರು ಶಾಖೆ ತೆರೆದದ್ದು

ಹೆದ್ದಾರಿಯ ಎರಡೂ ಬದಿಗೆ ಬಡಾವಣೆಗಳು ಎದ್ದ ಮೇಲೆ ನಮ್ಮ ತಾಲ್ಲೂಕು ಕೇಂದ್ರಕ್ಕೆ ಒಂದೇ ಗ್ರಂಥಾಲಯ ಸಾಲದು ಅಂತ ನಾನು ಹೇಳಲು ಶುರು ಮಾಡಿ ಎಂಟು ವರ್ಷವಾಯಿತು. ಆಗ ನನ್ನ ಹಾಗೆ ಗ್ರಂಥಪಾಲಕರಾಗಿದ್ದ ಗೆಳೆಯರೇ, "ಇರೋ ಗ್ರಂಥಾಲಯದ ಪೇಪರ್ ಬಿಲ್ಲಿಗೇ ದುಡ್ಡಿಲ್ಲ, ಇನ್ನೊಂದು ಶಾಖೆಗೆ ಎಲ್ಲಿಂದ ತರ್ತೀರಿ ಸಾರ್?" ಅಂದಿದ್ದರು. ಈಗ ಮೂರು ಶಾಖೆ ನಡೆಯುತ್ತಿವೆ, ಮೂರರಲ್ಲೂ ಸಂಜೆ ಐದರ ಮೇಲೆ ಕುರ್ಚಿ ಸಿಗುವುದಿಲ್ಲ. ಹೇಗೆ ಮಾಡಿದಿರಿ ಅಂತ ಫೋನ್ ಮಾಡುವವರು ಹೆಚ್ಚಾಗಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ. ಲೆಕ್ಕವೆಲ್ಲ ನೆನಪಿನಿಂದ ಹೇಳುವುದು, ಚೂರು ಹಿಂದೆಮುಂದೆ ಇರಬಹುದು.

ಈ ಮೂರಕ್ಕೂ ಮುಂಚೆ ತೆರೆದ ಮೊದಲ ಶಾಖೆ ಹತ್ತೇ ತಿಂಗಳಿಗೆ ಮುಚ್ಚಿತು. ಹೊಸ ಬಡಾವಣೆಯಲ್ಲಿ ನಾಗರಿಕ ಸೌಲಭ್ಯಕ್ಕೆಂದು ಬಿಟ್ಟ ಸಿ.ಎ. ನಿವೇಶನವೊಂದು ಬಿಟ್ಟಿ ಸಿಕ್ಕಿತ್ತು. ಶಾಸಕರ ನಿಧಿಯಿಂದ ಏಳು ಲಕ್ಷದಲ್ಲಿ ಒಂದು ಕೋಣೆ ಎದ್ದಿತು. ಜಾಗ ಬಡಾವಣೆಯ ಕೊನೇ ತುದಿಯಲ್ಲಿ. ಬೀದಿದೀಪ ಇಲ್ಲ, ಮಳೆ ಬಂದರೆ ಕಾಲಿಟ್ಟಲ್ಲಿ ಕೆಸರು. ಆರು ಗಂಟೆ ಮೇಲೆ ಹೆಣ್ಣುಮಕ್ಕಳು ಆ ಕಡೆ ತಲೆ ಹಾಕುತ್ತಿರಲಿಲ್ಲ. ದಿನಕ್ಕೆ ಹತ್ತು ಹನ್ನೊಂದು ಜನ, ಅದರಲ್ಲಿ ನಾಲ್ಕು ಜನ ಪೇಪರ್ ನೋಡಿ ಎದ್ದು ಹೋಗುವವರು. ಕೊನೆಗೆ ಬೀಗ ಹಾಕಿ, ಎರಡು ತಿಂಗಳ ಮೇಲೆ ಪುಸ್ತಕ ಸಾಗಿಸಲು ಹೋದರೆ ಕೆಳಗಿನ ಅರೆಯ ಇನ್ನೂರು ಪುಸ್ತಕ ಗೆದ್ದಲಿಗೆ ಹೋಗಿದ್ದವು. ಬೈಂಡಿಂಗ್ ಮುಟ್ಟಿದರೆ ಪುಡಿ. ಅವತ್ತು ದಾಖಲಾತಿ ಪುಸ್ತಕದಲ್ಲಿ ಒಂದೊಂದೇ ನಂಬರಿಗೆ ಗೆರೆ ಎಳೆಯುವಾಗ ಕಣ್ಣು ತುಂಬಿ ಬಂತು.

ಆಮೇಲೆ ಖಾಲಿ ಜಾಗ ಹುಡುಕುವುದನ್ನು ನಿಲ್ಲಿಸಿ ಜನ ಎಲ್ಲಿ ನಡೆಯುತ್ತಾರೆ ಅಂತ ನೋಡಲು ಹೊರಟೆ. ಒಂದು ನೋಟ್‌ಬುಕ್ ಹಿಡಿದು ಹದಿನೈದು ದಿನ, ಬೆಳಿಗ್ಗೆ ಆರರಿಂದ ಎಂಟು, ಸಂಜೆ ಐದರಿಂದ ಎಂಟು, ಹಾಲಿನ ಡೇರಿ, ನ್ಯಾಯಬೆಲೆ ಅಂಗಡಿ, ಬಸ್ ಸ್ಟಾಪು, ಟ್ಯೂಷನ್ ಮನೆ ಮುಂದೆ ನಿಂತೆ. ನಡೆದು ಬರುವವರನ್ನು ಮಾತ್ರ ಎಣಿಸಿದೆ. ಮಕ್ಕಳ ಕೈ ಹಿಡಿದು ಬರುವ ತಾಯಂದಿರಿಗೆ ಬೇರೆ ಕಾಲಂ. ಡೇರಿ ಸರ್ಕಲ್ಲಿನಲ್ಲಿ ಒಂದು ಸಂಜೆಗೆ ಮುನ್ನೂರ ನಲವತ್ತರ ತನಕ ಬಂತು. ಮುಖ್ಯವಾದ ಇನ್ನೊಂದು ಸಂಗತಿ ತಿಳಿದದ್ದೂ ಅಲ್ಲೇ. "ರೋಡ್ ದಾಟಬೇಕಲ್ಲ ಸಾರ್, ಮಕ್ಕಳನ್ನ ಕಳಿಸಲ್ಲ" ಅಂತ ಮೂಡಲ ಬದಿಯ ತಾಯಂದಿರು ಒಬ್ಬರಾದ ಮೇಲೆ ಒಬ್ಬರು ಹೇಳಿದರು. ನಕ್ಷೆಯಲ್ಲಿ ಹಳೇ ಗ್ರಂಥಾಲಯ ಅವರಿಗೆ ಒಂದೂವರೆ ಕಿಲೋಮೀಟರ್. ನಡುವೆ ಹೆದ್ದಾರಿ ಇರುವುದರಿಂದ ಅದು ಬೇರೆ ಊರಿದ್ದ ಹಾಗೆ. ಅಲ್ಲಿಗೆ ಪಡುವಲಿಗೊಂದು, ಮೂಡಲಿಗೊಂದು ಅಂತ ತೀರ್ಮಾನಿಸಿದೆ.

ಇನ್ನು ದುಡ್ಡು. ನನ್ನ ಮನೆ ಕಂದಾಯ ಕಟ್ಟಿ ರಸೀದಿ ಮಡಚುವಾಗ ಕಣ್ಣಿಗೆ ಬಿತ್ತು: ತೆರಿಗೆ 2,400, ಗ್ರಂಥಾಲಯ ಕರ 144. ಆಸ್ತಿ ತೆರಿಗೆಯ ಮೇಲೆ ಶೇ. 6 ಅಂತ ನಮಗೆಲ್ಲ ಬಾಯಿಪಾಠ, 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ನಮಗೆ ಕೊಟ್ಟ ಅನ್ನ ಅದು. ಆದರೆ ನಮ್ಮೂರಿನಲ್ಲಿ ಅದು ಒಟ್ಟು ಎಷ್ಟಾಗುತ್ತದೆ ಅಂತ ನಾನೂ ಕೂಡಿಸಿ ನೋಡಿರಲಿಲ್ಲ. ಕಂದಾಯ ವಸೂಲು ಮಾಡುವ ಪಟ್ಟಣದ ಸ್ಥಳೀಯ ಸಂಸ್ಥೆಗೆ ಡಿ.ಸಿ.ಬಿ. ವಹಿಯ, ಅಂದರೆ ಬೇಡಿಕೆ, ವಸೂಲಿ, ಬಾಕಿಯ ಲೆಕ್ಕದ ಪುಸ್ತಕದ, ನಕಲು ಕೇಳಿ ಅರ್ಜಿ ಕೊಟ್ಟೆ. ಮೂರು ಸಲ "ನಾಳೆ ಬನ್ನಿ", ನಾಲ್ಕನೇ ಸಲ ಕೊಟ್ಟರು. ವರ್ಷಕ್ಕೆ ಸುಮಾರು 1 ಕೋಟಿ 90 ಲಕ್ಷ ವಸೂಲಿ, ಅದಕ್ಕೆ ಕರ ಹನ್ನೊಂದು ಲಕ್ಷದ ಮೇಲೆ. ನಮ್ಮ ಖಾತೆಗೆ ಬರುತ್ತಿದ್ದದ್ದು ಮೂರು ಲಕ್ಷ. ಮಿಕ್ಕದ್ದು ವರ್ಷಗಟ್ಟಲೆ ಅವರಲ್ಲೇ ಉಳಿದು ಬೀದಿದೀಪ, ಚರಂಡಿ ಅಂತ ಕರಗಿ ಹೋಗಿತ್ತು. ಬಾಕಿ ಐವತ್ತು ಲಕ್ಷ ದಾಟಿತ್ತು.

ನಾನು ಮಾಡಿದ ದೊಡ್ಡ ಕೆಲಸ ಅಂದರೆ ಅರ್ಜಿಯ ಭಾಷೆ ಬದಲಿಸಿದ್ದು. "ಅನುದಾನ ಮಂಜೂರು ಮಾಡಿ" ಅನ್ನುವ ಸಾಲನ್ನೇ ತೆಗೆದು, "ವಸೂಲಾದ ಕರವನ್ನು ಜಮಾ ಮಾಡಿ" ಅಂತ ಬರೆದೆ, ವರ್ಷವಾರು ಪಟ್ಟಿ ಲಗತ್ತಿಸಿದೆ. ಬಾಕಿ ಪೂರ್ತಿ ಕೇಳಿದ್ದರೆ ಕಡತ ಅಲ್ಲೇ ಮಲಗುತ್ತಿತ್ತು. ಮೊದಲು ಚಾಲ್ತಿ ವರ್ಷದ್ದು ಪೂರಾ, ಬಾಕಿ ಕಂತಿನಲ್ಲಿ ಅಂದೆ. ಮೊದಲ ಚೆಕ್ಕಿಗೆ ಸಹಿ ಬಿದ್ದದ್ದು ಹೇಗೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಖುದ್ದಾಗಿ ಬಂದವರಿಗೆ ಹೇಳಿದ್ದೇನೆ, ಇಬ್ಬರ ಊರಲ್ಲಿ ಕೆಲಸವೂ ಆಗಿದೆ. ಒಂದು ಸುಳಿವು ಬೇಕಾದರೆ, ಬಜೆಟ್ ಸಭೆಗೆ ಮುಂಚಿನ ಎರಡು ವಾರ ರಜೆ ಹಾಕಬೇಡಿ.

ಡೇರಿ ಸರ್ಕಲ್ಲಿನ ಶಾಖೆಗೆ ತಿಂಗಳ ಖರ್ಚು ಹೀಗಿತ್ತು: ಬಾಡಿಗೆ 9,000, ಹೊರಗುತ್ತಿಗೆಯ ಇಬ್ಬರಿಗೆ 27,000, ಪತ್ರಿಕೆ 1,800, ಕರೆಂಟು 900ರ ಆಸುಪಾಸು. ವರ್ಷಕ್ಕೆ ನಾಲ್ಕು ಲಕ್ಷ ಎಪ್ಪತ್ತು ಸಾವಿರದೊಳಗೆ. ಎರಡು ಶಾಖೆ ನಡೆಸಿದರೂ ಚಾಲ್ತಿ ಕರದಲ್ಲೇ ಪುಸ್ತಕಕ್ಕೆ ಒಂದಿಷ್ಟು ಮಿಗುತ್ತದೆ. ಲೋಕೋಪಯೋಗಿಯವರ ಬಾಡಿಗೆ ನಿಗದಿಗೆ ನಾಲ್ಕು ತಿಂಗಳು ಹಿಡಿಯಿತು, ಅಷ್ಟು ದಿನ ಮಾಲೀಕರು ಕಾದದ್ದು ನಮ್ಮ ಪುಣ್ಯ. ನೆಲಮಹಡಿಯೇ ಬೇಕು ಅಂತ ಹಟ ಹಿಡಿದೆ. ಮಂಡಿನೋವಿನ ಹಿರಿಯರು ಮೆಟ್ಟಿಲು ಹತ್ತುವುದಿಲ್ಲ.

ಕಪಾಟು ಮತ್ತು ಮಕ್ಕಳ ಪುಸ್ತಕಗಳಿಗೆ ಕೋಲ್ಕತ್ತದ ರಾಜಾ ರಾಮಮೋಹನ್ ರಾಯ್ ಗ್ರಂಥಾಲಯ ಪ್ರತಿಷ್ಠಾನದ ಸಮಪಾಲು ಯೋಜನೆ ಹಿಡಿದೆ, ಅದರಲ್ಲಿ ರಾಜ್ಯವೂ ತನ್ನ ಪಾಲು ಹಾಕುತ್ತದೆ. ನಮಗೆ ಕೈಸೇರಲು ಎರಡು ವರ್ಷ ಬೇಕಾಯಿತು. ಅದನ್ನು ನಂಬಿ ಬಾಗಿಲು ತೆರೆಯುವ ದಿನ ಗೊತ್ತು ಮಾಡಬೇಡಿ.

ಮೂರನೆಯ ಶಾಖೆ ಬೇರೆ ಥರದ ತಲೆನೋವು. ಆ ಬಡಾವಣೆ ಅರ್ಧ ಪಂಚಾಯಿತಿಗೆ, ಅರ್ಧ ಪಟ್ಟಣಕ್ಕೆ ಸೇರಿತ್ತು. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಹೋದ ಮೇಲೆ ಒಂದೇ ಬೀದಿಯ ಓದುಗರಿಗೆ ಎರಡು ಇಲಾಖೆ. ಒಂದು ವರ್ಷ ಪತ್ರ ಬರೆದು ಸಾಕಾಗಿ, ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿಯ ಜೊತೆಗೇ ಕೂತು ಮಾತಾಡಿದೆ. ಕಟ್ಟಡ, ಕಂಪ್ಯೂಟರು ಅವರದು; ಪತ್ರಿಕೆ, ಎರವಲು ಪುಸ್ತಕ ನಮ್ಮದು. ಪುಸ್ತಕಗಳನ್ನು ತಿಂಗಳಿಗೊಮ್ಮೆ ಪಟ್ಟಿ ಮಾಡಿ ತಾತ್ಕಾಲಿಕ ಎರವಲು ಅಂತ ಕಳಿಸುತ್ತೇನೆ. ಆಡಿಟ್‌ನವರು ಒಮ್ಮೆ ಪ್ರಶ್ನೆ ಎತ್ತಿದರು. ಪ್ರತಿ ಪಟ್ಟಿಗೂ ಎರಡೂ ಕಡೆಯ ಸಹಿ ಇತ್ತು, ಆಕ್ಷೇಪಣೆ ಬಿದ್ದು ಹೋಯಿತು.

ನಡುವೆ ಒಂದೆರಡು ಪ್ರಯೋಗ ಮಾಡಿದೆ. ಕ್ಷೌರದಂಗಡಿಯಲ್ಲಿ ಮೂವತ್ತು ಪುಸ್ತಕದ ಪೆಟ್ಟಿಗೆ ಇಟ್ಟೆ. ಆರು ತಿಂಗಳಲ್ಲಿ ಹತ್ತೊಂಬತ್ತು ಉಳಿದವು, ಆದರೆ ಅಲ್ಲಿಂದ ಎಂಟು ಹೊಸ ಸದಸ್ಯರು ಬಂದರು. ನನ್ನ ಲೆಕ್ಕದಲ್ಲಿ ಅದು ಲಾಭ. ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರು ಬೆಳಿಗ್ಗೆಯೇ ಕುರ್ಚಿ ಹಿಡಿದು ಕೂತರೆ ಮಕ್ಕಳು, ಹೆಂಗಸರು ಬಾಗಿಲಿಂದಲೇ ವಾಪಸ್. ಆ ಹುಡುಗರಿಗೆ ನೌಕರಿಯ ಆಸೆ, ಅವರನ್ನು ಎಬ್ಬಿಸಲು ಮನಸ್ಸು ಬರುವುದಿಲ್ಲ. ಬಾಡಿಗೆ ಮನೆಯ ಹಿಂದಿನ ಕೋಣೆ ಇನ್ನೂ ಎರಡು ಸಾವಿರಕ್ಕೆ ಕೇಳಿ ಪಡೆದು ಅವರಿಗೆ ಬಿಟ್ಟುಕೊಟ್ಟೆ, ರಾತ್ರಿ ಒಂಬತ್ತರವರೆಗೆ. ಲೈಟು ಆರಿಸಿ ಬೀಗ ಹಾಕುವುದು ಅವರ ಪಾಳಿ. ಈವರೆಗೆ ಒಂದು ಬಲ್ಬೂ ಕಾಣೆಯಾಗಿಲ್ಲ. ಹೋದ ವರ್ಷ ಅವರಲ್ಲೊಬ್ಬ ಕಾನ್‌ಸ್ಟೇಬಲ್ ಆಗಿ ಆಯ್ಕೆಯಾದ. ಮೊದಲ ಸಂಬಳದಲ್ಲಿ ಒಂದು ಗೋಡೆ ಗಡಿಯಾರ ತಂದು ತಾನೇ ಮೊಳೆ ಹೊಡೆದು ಹಾಕಿ ಹೋದ.

ಮುಚ್ಚಿದ ಆ ಮೊದಲ ಕಟ್ಟಡದ ಸುತ್ತ ಈಗ ಮನೆಗಳು ತುಂಬಿವೆ, ಬೀದಿದೀಪ ಬಂದಿದೆ. ಹೋದ ವಾರದಿಂದ ಸಂಜೆ ಅದರ ಮುಂದೆ ನಿಂತು ಎಣಿಸುತ್ತಿದ್ದೇನೆ. ನಿನ್ನೆ 126.